ಅವ್ವನ ಎಡಪಕ್ಕದ ನೆಲ

ಕೊರಟಗೆರೆ
ಶ್ರಾವಣ ಸೋಮವಾರ, ೧೨ ಆಗಸ್ಟ್ ೨೦೨೪

ಚಿ॥ ದಾಕ್ಷಾಯಣಿಗೆ,

ಶಿವನು ನಿನ್ನನ್ನು ಕಾಯಲಿ. ಉಭಯತ್ರ ಕ್ಷೇಮವೆಂದು ಮೊದಲ ಸಾಲಿನಲ್ಲಿ ಬರೆಯುವುದು ನಮ್ಮ ಮನೆತನದ ವಾಡಿಕೆ. ಇಂದು ಅದನ್ನು ಬರೆಯಲು ಲೇಖನಿ ಒಪ್ಪುತ್ತಿಲ್ಲ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಮಂದ ಕಿವಿಗಳನ್ನು ನಂಬಿಕೊಂಡು ತಂಗಿಯೊಡನೆ ಗಟ್ಟಿಯಾಗಿ ಮಾತನಾಡಿದರೆ ಬೀದಿಗೆಲ್ಲ ಕೇಳುತ್ತದೆ.

ನಿನ್ನೆ ಶಿರಾದಿಂದ ಕಿರಣ್ ಕುಮಾರ್ ಎಂಬಾತ ನಮ್ಮ ಜಗುಲಿಗೆ ಬಂದಿದ್ದ. ಜನರನ್ನು ಗುಂಪು ಕಟ್ಟಿಕೊಂಡು ದೇಶಾಂತರ ತೋರಿಸಿ ಕರೆತರುವುದು ಅವನ ಕಸುಬಂತೆ. ಬಂದವನೇ ಬಣ್ಣದ ಕಾಗದವೊಂದನ್ನು ಕೈಗಿತ್ತು, "ತಾತ, ನಿಮ್ ತಂಗಿಯೋರು ಈಜಿಪ್ಟಿಗೆ ಬತ್ತಾವ್ರೆ. ಗ್ರೂಪಲ್ಲಿ ಇನ್ನೊಂದು ಸೀಟೈತೆ, ನೀವೂ ಬಂದ್ಬುಡಿ, ಜೊತೆಯಾಯ್ತದೆ" ಎಂದ. ಆ ಕಾಗದದ ಮೇಲೆ ಬಟ್ಟೆ ಸುತ್ತಿದ ಹೆಣದ ಚಿತ್ರವಿತ್ತು. ಲಿಂಗಪೂಜೆ ಮುಗಿಸಿ ಆಗತಾನೇ ಎದ್ದಿದ್ದ ನಾನು ಶ್ರಾವಣದ ಬೆಳಗಿನಲ್ಲಿ ಕಂಡ ಮೊದಲ ಮುಖ ಅದಾಯಿತು.

ಯಾತ್ರೆ ಬೇಕಿದ್ದರೆ ಶ್ರೀಶೈಲವಿದೆ, ಕಾಶಿಯಿದೆ. ದೂರ ಬೇಡವೆಂದರೆ ನಮ್ಮ ಸಿದ್ಧರಬೆಟ್ಟವೇ ಇದೆ. ಅನ್ಯದೇಶದ ಸತ್ತ ರಾಜರ ಗೋರಿಗಳೊಳಗೆ ನುಗ್ಗಿ ನೋಡುವುದು ಎಂಥ ಯಾತ್ರೆ? ಮಕ್ಕಳಿಗೆ ವಿದ್ಯೆ ಕಲಿಸಿದವಳು ನೀನು, ಆದ್ದರಿಂದ ಇಷ್ಟೇ ಕೇಳುತ್ತೇನೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ವಿಮಾನ ನಿಲ್ದಾಣದಲ್ಲಿ ಮೈಮೇಲಿನ ಲೋಹವನ್ನೆಲ್ಲ ಕಳಚಿ ತಟ್ಟೆಯಲ್ಲಿಡಬೇಕೆಂದು ಆ ಕಿರಣನೇ ಹೇಳಿದ. ಲಿಂಗದ ಕರಡಿಗೆಯೂ ಬೆಳ್ಳಿಯದೇ ಅಲ್ಲವೇ ಎಂದು ಕೇಳಿದ್ದಕ್ಕೆ, "ಅದೂ ಸೇರಿ ತಾತ, ರೂಲ್ಸು" ಎಂದು ನಕ್ಕ. ಗುರುವು ಅಂಗೈಯಲ್ಲಿ ಇಟ್ಟ ದಿನದಿಂದ ನಿನ್ನ ಎದೆಯನ್ನು ಅಗಲದ ಲಿಂಗ ಅದು. ಅದನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ ಚಪ್ಪಲಿಗಳ ಪಕ್ಕದಲ್ಲಿ ತೇಲಿಬಿಡುವೆಯಾ?

ಮದುವೆ ಬೇಡವೆಂದು ನಿಂತ ನೀನು ಕೊನೆಗೆ ತವರಿನಲ್ಲಿ ಬೇಡಿದ್ದು ಒಂದನ್ನೇ: ನಮ್ಮ ಹೊಲದಲ್ಲಿ ಅವ್ವನ ಗದ್ದುಗೆಯ ಎಡಪಕ್ಕದ ನೆಲ. ಕೊಟ್ಟಿದ್ದೇನೆ. ಈ ಮನೆಯ ಹಿರಿಯನಾಗಿ ಈಗ ಹೇಳುತ್ತೇನೆ: ಲಿಂಗವು ನಿನ್ನ ಅಂಗವನ್ನು ಬಿಟ್ಟ ಕ್ಷಣಕ್ಕೆ ಆ ನೆಲ ನಿನ್ನದಲ್ಲ. ಲಿಂಗವಗಲಿದ ದೇಹವನ್ನು ಅವ್ವನ ಮಗ್ಗುಲಲ್ಲಿ ಸಮಾಧಿಗೆ ಕೂರಿಸಲು ನನ್ನ ಕೈ ಏಳದು.

ಹೋಗಬೇಡ.

ನಿನ್ನ ಅಣ್ಣ,
ನಂದೀಶ್ವರಯ್ಯ


ಮಧುಗಿರಿ
೧೯ ಆಗಸ್ಟ್ ೨೦೨೪

ಪೂಜ್ಯ ಅಣ್ಣನವರ ಪಾದಗಳಿಗೆ ಶರಣು.

ಪಾದಗಳಿಗೆ ಬಾಗುತ್ತೇನೆ, ಆಜ್ಞೆಗೆ ಬಾಗಲಾರೆ. ಇದನ್ನು ಕೊನೆಯವರೆಗೆ ಅಡಗಿಸಿಟ್ಟು ನಿಮ್ಮನ್ನು ದಣಿಸುವುದು ಸರಿಯಲ್ಲವೆಂದು ಮೊದಲೇ ಬರೆದೆ.

ಗೋರಿಗಳನ್ನು ನೋಡುವುದು ಎಂಥ ಯಾತ್ರೆ ಎಂದು ಕೇಳಿದ್ದೀರಿ. ಈ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ನನ್ನ ಸೇವೆಯುದ್ದಕ್ಕೂ ನೈಲ್ ನದಿಯನ್ನು ಸೀಮೆಸುಣ್ಣದಲ್ಲಿ ಹರಿಸಿದವಳು ನಾನು. ಒಮ್ಮೆ ಪಾವಗಡದ ಕಡೆಯ ವರಲಕ್ಷ್ಮಿ ಎಂಬ ಹುಡುಗಿ ಎದ್ದು ನಿಂತು, "ಮಿಸ್, ಅಷ್ಟೊಂದ್ ನೀರಿಟ್ಕೊಂಡು ಅವ್ರ್ ಯಾಕೆ ಬರೀ ಸಾಯೋದ್ನೇ ಯೋಚ್ನೆ ಮಾಡ್ತಿದ್ರು?" ಎಂದಳು. ಕೊಡ ನೀರಿಗೆ ಮೈಲಿ ನಡೆಯುವ ಊರಿನ ಹುಡುಗಿ. ತರಗತಿಯೆಲ್ಲ ನಕ್ಕಿತು. ಪಠ್ಯಪುಸ್ತಕದಲ್ಲಿ ಉತ್ತರವಿರಲಿಲ್ಲ, ನನ್ನಲ್ಲಿಯೂ ಇರಲಿಲ್ಲ. ಆ ಪ್ರಶ್ನೆ ಇಂದಿಗೂ ನನ್ನೊಡನೆ ನಿವೃತ್ತವಾಗಿಲ್ಲ. ಕಣ್ಣು ಕಾಣುವಾಗಲೇ ಉತ್ತರವನ್ನು ಹುಡುಕಿಕೊಂಡು ಹೋಗುತ್ತೇನೆ.

ಹೆಣದ ಚಿತ್ರಕ್ಕೆ ಅಂಜಿದ್ದೀರಿ. ಲಿಂಗವನ್ನು ಧರಿಸಿದವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲವೆಂದು ನನಗೆ ಬಾಯಿಪಾಠ ಮಾಡಿಸಿದವರು ಯಾರು? ಅವ್ವ ಲಿಂಗೈಕ್ಯಳಾದ ದಿನ ಮಣ್ಣು ಕೊಟ್ಟು ಬಂದು, ಮಿಂದು, ಎಂದಿನ ಹೊತ್ತಿಗೇ ಪೂಜೆಗೆ ಕುಳಿತವರು ನೀವು. "ಮನೇಲಿ ಸಾವಾಗೈತಲ್ಲ ಸ್ವಾಮಿ" ಎಂದ ಪರವೂರಿನ ನೆಂಟರಿಗೆ, ಸಾವು ಎಲ್ಲಿದೆ ತೋರಿಸಿ ಎಂದು ಗದರಿದಿರಿ. ನಮ್ಮ ಹೊಲದ ಗದ್ದುಗೆಗಿಲ್ಲದ ಮೈಲಿಗೆ ನೈಲ್ ದಂಡೆಯ ಗೋರಿಗೆ ಎಲ್ಲಿಂದ ಬಂತು, ಅಣ್ಣನವರೇ?

ನಿಮ್ಮ ನಿಬಂಧನೆಯನ್ನು ಮಾತ್ರ ಒಪ್ಪಿದ್ದೇನೆ, ಮನಸಾರೆ ಒಪ್ಪಿದ್ದೇನೆ. ಲಿಂಗವು ಅಂಗವನ್ನು ಬಿಟ್ಟರೆ ನೆಲ ನನ್ನದಲ್ಲ. ಬಿಡದಿದ್ದರೆ? ಆಗ ಅದು ನೀವು ಕೊಟ್ಟ ನೆಲವಲ್ಲ, ನಾನು ಗೆದ್ದ ನೆಲ.

ಇನ್ನೊಂದು ಮಾತಿದೆ. ನಾವಿಬ್ಬರೂ ಈ ವಯಸ್ಸಿನವರೆಗೆ ಆಡದೇ ಉಳಿಸಿದ ಮಾತು. ಅವ್ವನ ಬಲಪಕ್ಕದಲ್ಲಿರುವ ಅಪ್ಪನ ಗದ್ದುಗೆಯೊಳಗೆ ಯಾರಿದ್ದಾರೆ? ಶಿವರಾತ್ರಿಯ ಪಾದಯಾತ್ರೆಗೆ ಹೋದ ಅಪ್ಪ ಶ್ರೀಶೈಲದ ಕಾಡುದಾರಿಯಲ್ಲೇ ಕಣ್ಣು ಮುಚ್ಚಿದರು, ಜೊತೆಯವರು ಅಲ್ಲೇ ಮಣ್ಣು ಮಾಡಿ ಬಂದರು. ಸಮಾಧಿಯಲ್ಲಿ ಕೂರಿಸುವಾಗ ಅಪ್ಪನ ಅಂಗೈಯಲ್ಲಿ ಲಿಂಗವಿತ್ತೇ ಎಂದು ಮರಳಿ ಬಂದ ಒಬ್ಬರನ್ನೂ ನೀವು ಕೇಳಲಿಲ್ಲ. ಬರಿಯ ನೆಲದ ಮೇಲೆ ಗದ್ದುಗೆ ಕಟ್ಟಿಸಿ ಇಂದಿಗೂ ದೀಪ ಹಚ್ಚುತ್ತಿದ್ದೀರಿ. ಬರಿದಾದ ಸಮಾಧಿಗೆ ದಿನವೂ ಕೈಮುಗಿಯುವವರು ಇನ್ನೊಬ್ಬರ ಸಮಾಧಿಯನ್ನು ನೋಡಬೇಡವೆನ್ನುವುದು ನ್ಯಾಯವಲ್ಲ.

ಕಾರ್ತಿಕದಲ್ಲಿ ಹೊರಡುತ್ತೇನೆ.

ನಿಮ್ಮ ತಂಗಿ,
ದಾಕ್ಷಾಯಣಿ


ಕೊರಟಗೆರೆ
೨ ಸೆಪ್ಟೆಂಬರ್ ೨೦೨೪

ದಾಕ್ಷಾಯಣಿಗೆ,

ಅಪ್ಪನ ಹೆಸರನ್ನು ಈ ವಾದದೊಳಗೆ ಎಳೆಯಬಾರದಿತ್ತು.

ಗದ್ದುಗೆಗಳನ್ನು ನೋಡಿಕೊಳ್ಳುವ ಚಿಕ್ಕನರಸಯ್ಯನಿಗೆ ಹೇಳಿ ಅವ್ವನ ಎಡಪಕ್ಕದ ನೆಲದಲ್ಲಿ ನಿನ್ನೆ ಬಿಲ್ವದ ಸಸಿಯನ್ನು ನೆಡಿಸಿದೆ. ಗುಂಡಿ ತೋಡುತ್ತ ಅವನು, "ಇದು ಚಿಕ್ಕಮ್ಮೋರ ಜಾಗ ಅಲ್ವಾ ಬುದ್ದಿ?" ಎಂದು ಕೇಳಿದ. ಇನ್ನೂ ಆಳಕ್ಕೆ ತೋಡೆಂದೆ. "ಕೋಪದಾಗೆ ಗಿಡ ನೆಡಬಾರ್ದು ಬುದ್ದಿ" ಎಂದೂ ಗೊಣಗಿದ.

ಸಸಿ ಬೇರೂರಲು ಹೊತ್ತು ಬೇಕು. ಅಷ್ಟರೊಳಗೆ ಮನಸ್ಸನ್ನು ತಿರುಗಿಸಿಕೊಳ್ಳುವುದು ನಿನಗೆ ಬಿಟ್ಟದ್ದು.

ನಂದೀಶ್ವರಯ್ಯ


ಲಕ್ಸರ್, ಈಜಿಪ್ಟ್
೨೦ ನವೆಂಬರ್ ೨೦೨೪

ಪೂಜ್ಯ ಅಣ್ಣನವರಿಗೆ ಶರಣು.

ನೀವು ಮೊದಲು ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ: ಲಿಂಗ ಎದೆಯ ಮೇಲಿದೆ. ಬೆಂಗಳೂರಿನ ನಿಲ್ದಾಣದಲ್ಲಿ ತಪಾಸಣೆಯ ಹೆಣ್ಣುಮಗಳು ಪರದೆಯ ಮರೆಯಲ್ಲಿ ಕರಡಿಗೆಯನ್ನು ಮೇಲಿನಿಂದ ಮುಟ್ಟಿ, "ಲಿಂಗ ಅಲ್ವಾ ಅಜ್ಜಿ? ಇರ್ಲಿ ಬುಡಿ, ನಮ್ಮಜ್ಜೀನೂ ಹಾಕ್ಕೊಳ್ಳೋರು" ಎಂದು ಕಳುಹಿಸಿಕೊಟ್ಟಳು. ಈ ದೇಶದಲ್ಲಿ ಇಳಿದಾಗಲೂ ಯಾರೂ ತಡೆಯಲಿಲ್ಲ. ದಿನವೂ ಬೆಳಕು ಹರಿಯುವ ಮೊದಲೇ ಎದ್ದು ಪೂಜೆ ಮಾಡುತ್ತಿದ್ದೇನೆ. ನಿನ್ನೆ ದೋಣಿಯಲ್ಲಿ ದಾಟುವಾಗ ತುಂಬಿಕೊಂಡ ನೈಲ್ ನದಿಯ ನೀರಿನಿಂದಲೇ ಇಂದು ಮಜ್ಜನ ಮಾಡಿಸಿದೆ. ಊರಿನಿಂದ ತಂದ ಬಿಲ್ವದೆಲೆ ಒಣಗಿದೆ, ಆದರೆ ಬಿಲ್ವ ಒಣಗಿದರೂ ಹಳಸದೆಂದು ನಾನು ನಿಮಗೆ ಹೇಳಬೇಕಿಲ್ಲ. ಬಿಲ್ವದ ಗುಣವನ್ನು ನನಗಿಂತ ಚೆನ್ನಾಗಿ ಬಲ್ಲ ನೀವು ಅದನ್ನು ಬಡಿಗೋಲಿನಂತೆ ಬಳಸಿದಿರಿ. ಇರಲಿ.

ನಮ್ಮ ಗುಂಪಿನಲ್ಲಿ ಗೌಡಗೆರೆಯ ದೊಡ್ಡರಂಗಪ್ಪನೆಂಬ ಕಡಲೆಕಾಯಿ ಬೆಳೆಗಾರನಿದ್ದಾನೆ. ಹುರಿದ ಕಡಲೆಕಾಯಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ದೇಶ ನೋಡುತ್ತಾನೆ. ಪಿರಮಿಡ್ಡಿನ ಮುಂದೆ ಎಲ್ಲರೂ ತಲೆ ಮೇಲೆತ್ತಿ ಬಾಯಿ ತೆರೆದಿರುವಾಗ ಆತ, "ನಮ್ ಮದ್ಗಿರಿ ಬೆಟ್ಟ ಒಂದೇ ಕಲ್ಲು ಕಣಮ್ಮ. ಇವ್ರಿಗೆ ಪಾಪ ಅಂಗೆ ಸಿಗ್ಲಿಲ್ಲ, ಚೂರು ಚೂರು ಜೋಡಿಸವ್ರೆ" ಎಂದ. ಕಿರಣ್ ಇದನ್ನು ನಮ್ಮ ಮಾರ್ಗದರ್ಶಿ ನಾದಿಯಾಳಿಗೆ ಇಂಗ್ಲಿಷಿನಲ್ಲಿ ತಿಳಿಸಿದ. ಆಕೆ ಈ ಲಕ್ಸರಿನವಳು, ಪ್ರವಾಸದುದ್ದಕ್ಕೂ ನಮ್ಮ ಜೊತೆಗಿರುವ, ಗಂಭೀರವಾದ ನಡು ವಯಸ್ಸಿನ ಹೆಣ್ಣುಮಗಳು. ನಿಮ್ಮ ಬೆಟ್ಟದೊಳಗೆ ಯಾವ ರಾಜನಿದ್ದಾನೆಂದು ನಗದೇ ಕೇಳಿದಳು. ದೊಡ್ಡರಂಗಪ್ಪ, "ರಾಜ ಗೀಜ ಯಾರಿಲ್ಲ, ಜೇನೈತೆ" ಎಂದು ಆಕೆಯ ಕೈಗೆ ಕಡಲೆಕಾಯಿ ಸುರಿದ. ಅಂದಿನಿಂದ ಅವರಿಬ್ಬರೂ ಭಾಷೆಯಿಲ್ಲದ ಸ್ನೇಹಿತರು.

ಕರ್ಣಾಕಿನ ದೇವಾಲಯದ ಕಂಬಗಳ ನಡುವೆ ನಡೆದೆ. ಕಂಬವೆಂದರೆ ನಾವು ತಿಳಿದ ಕಂಬವಲ್ಲ, ಕೈಕೈ ಹಿಡಿದು ಸುತ್ತಲು ನಮ್ಮ ಗುಂಪು ಸಾಲದು. ಗರ್ಭಗುಡಿಯತ್ತ ಹೋದಂತೆ ನೆಲ ಮೇಲೇರುತ್ತದೆ, ಚಾವಣಿ ತಗ್ಗುತ್ತದೆ, ಬೆಳಕು ಕುಗ್ಗುತ್ತದೆ. ನಮ್ಮ ಗುಡಿಗಳಲ್ಲಿ ಆಗುವುದೂ ಅದೇ ಅಲ್ಲವೇ? ಆದರೆ ಒಳಗೆ ದೇವರಿಲ್ಲ, ದೀಪವಿಲ್ಲ. ಪೂಜೆ ನಿಂತು ಸಾವಿರಕ್ಕೂ ಹೆಚ್ಚು ವರ್ಷಗಳಾದ ಗರ್ಭಗುಡಿಯ ಹೊಸ್ತಿಲಲ್ಲಿ ನನ್ನ ಕೈ ತಾನಾಗಿ ಮುಗಿಯಿತು. ಗುಂಪಿನಲ್ಲಿ ಯಾರೋ ನಕ್ಕರು. ನಾನು ಕೈ ಇಳಿಸಲಿಲ್ಲ.

ಇಂದು ರಾಜರ ಕಣಿವೆಗೆ ಹೋಗಿದ್ದೆವು. ಹುಲ್ಲೂ ಹುಟ್ಟದ ಹಳದಿ ಬೆಟ್ಟ, ಅದರ ಹೊಟ್ಟೆಯಲ್ಲಿ ಇಳಿಜಾರು ಸುರಂಗಗಳು. ಗೋರಿಯ ಒಳಗೆ ಮಾರ್ಗದರ್ಶಿಗಳು ವಿವರಿಸುವಂತಿಲ್ಲವಂತೆ. ನಾದಿಯಾ ಹೊರಗೆ ನೆರಳಿನಲ್ಲಿ ನಿಲ್ಲಿಸಿ, ಚಿತ್ರಪಟ ತೋರಿಸಿ ಎಲ್ಲವನ್ನೂ ಹೇಳಿ, ಇನ್ನು ನೀವೇ ಹೋಗಿ ನೋಡಿ ಬನ್ನಿ ಎಂದು ಹಿಂದೆ ಉಳಿದಳು. ಬಹಳ ಉಚಿತವಾದ ನಿಯಮವೆನಿಸಿತು. ಸಾವಿನ ಬಾಗಿಲಿನವರೆಗೆ ಗುರು ಬರಬಹುದು, ಒಳಗೆ ಒಬ್ಬರೇ ಹೋಗಬೇಕು.

ಒಳಗಿನ ಚಾವಣಿಯುದ್ದಕ್ಕೂ ಆಕಾಶದೇವಿಯ ಚಿತ್ರವಿದೆ. ಅವಳು ಸಂಜೆ ಸೂರ್ಯನನ್ನು ನುಂಗುತ್ತಾಳೆ, ಇರುಳೆಲ್ಲ ಆತ ಅವಳ ಮೈಯೊಳಗೆ ಸಂಚರಿಸುತ್ತಾನೆ, ಬೆಳಿಗ್ಗೆ ಹೆರುತ್ತಾಳೆ. ಹೊರಗೆ ನಾದಿಯಾ ಹೇಳಿದ ಒಂದು ಸಂಗತಿ ನನ್ನನ್ನು ಅಲ್ಲೇ ಹಿಡಿದು ನಿಲ್ಲಿಸಿತು. ಹೆಣವನ್ನು ಕೆಡದಂತೆ ಕಾಪಿಡುವಾಗ ಕರುಳು ಪುಪ್ಪುಸಗಳನ್ನೆಲ್ಲ ಹೊರತೆಗೆಯುತ್ತಿದ್ದರಂತೆ, ಹೃದಯವನ್ನು ಮಾತ್ರ ಅಲ್ಲೇ ಬಿಡುತ್ತಿದ್ದರಂತೆ. ಪರಲೋಕದ ತಕ್ಕಡಿಯಲ್ಲಿ ಒಂದು ಗರಿಯ ಎದುರು ಅದನ್ನೇ ತೂಗುತ್ತಾರೆಂದು ಅವರ ನಂಬಿಕೆ. ಅಂದರೆ ಹೃದಯವು ಅಂಗವನ್ನು ಅಗಲಬಾರದು. ಅಣ್ಣನವರೇ, ಈ ಮಾತನ್ನು ನಾವು ಎಲ್ಲಿಯೋ ಕೇಳಿದ್ದೇವೆ. ಅವರು ಅದನ್ನು ಎದೆಯೊಳಗೆ ಬಿಟ್ಟರು, ನಾವು ಅಂಗೈಯಲ್ಲಿ ಇಡುತ್ತೇವೆ.

ರಾಜ ಅಲ್ಲಿರಲಿಲ್ಲ. ಕಳ್ಳರು ಕದ್ದು, ಪೂಜಾರಿಗಳು ಸ್ಥಳ ಬದಲಿಸಿ, ಉಳಿದ ರಾಜರ ದೇಹಗಳು ವಸ್ತುಸಂಗ್ರಹಾಲಯ ಸೇರಿವೆ. ಹೆಣವನ್ನಿಟ್ಟಿದ್ದ, ಈಗ ಒಡೆದ ಕಲ್ಲಿನ ತೊಟ್ಟಿಯೊಂದೇ ಇತ್ತು. ಬರಿದಾದ ಆ ತೊಟ್ಟಿಯ ಮುಂದೆ ಲೋಕದ ಎಲ್ಲ ಭಾಷೆಯವರೂ ತಾವಾಗಿ ದನಿ ತಗ್ಗಿಸಿದ್ದರು. ನಿಮ್ಮ ಮೇಲೆ ನಾನೆಸೆದ ಮಾತು ಆಗ ನೆನಪಾಯಿತು. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನೀವು ಹಚ್ಚುವ ದೀಪ ವ್ಯರ್ಥವೆಂದು ಇನ್ನು ಹೇಳಲಾರೆ.

ವರಲಕ್ಷ್ಮಿಯ ಪ್ರಶ್ನೆಯನ್ನು ನಾದಿಯಾಳಿಗೆ ಕೇಳಿದೆ. ಆಕೆ ನನ್ನನ್ನು ದಿಬ್ಬದ ಮೇಲೆ ನಿಲ್ಲಿಸಿ ಕೆಳಗೆ ತೋರಿಸಿದಳು. ಹಸಿರು ಬರುತ್ತ ಬರುತ್ತ ಒಂದು ಗೆರೆಯಲ್ಲಿ ನಿಂತುಹೋಗುತ್ತದೆ. ಒಂದು ಕಾಲು ಗದ್ದೆಯಲ್ಲಿ, ಇನ್ನೊಂದು ಮರಳಿನಲ್ಲಿ ಇಡಬಹುದು. "ಅವರು ಸಾಯುವುದನ್ನು ಯೋಚಿಸಲಿಲ್ಲ, ಅಮ್ಮಾ. ಪ್ರತಿ ವರ್ಷ ನದಿ ಇಳಿಯುವುದನ್ನೂ ಮತ್ತೆ ಏರುವುದನ್ನೂ ಕಂಡಿದ್ದರು. ತಾವೂ ಮರಳುತ್ತೇವೆಂದುಕೊಂಡರು" ಎಂದಳು. ವರಲಕ್ಷ್ಮಿ ಈಗ ಎಲ್ಲಿದ್ದಾಳೋ ತಿಳಿಯದು. ಉತ್ತರ ಮಾತ್ರ ನನ್ನ ಬಳಿ ಇದೆ.

ನಾಳಿದ್ದು ಇಲ್ಲಿಂದ ವಿಮಾನ.

ನಿಮ್ಮ ತಂಗಿ,
ದಾಕ್ಷಾಯಣಿ


ಮಧುಗಿರಿ
೫ ಡಿಸೆಂಬರ್ ೨೦೨೪

ಪೂಜ್ಯ ಅಣ್ಣನವರಿಗೆ ಶರಣು.

ಊರು ತಲುಪಿದ್ದೇನೆ. ಲಕ್ಸರಿನ ನಿಲ್ದಾಣದಲ್ಲಿ ನಡೆದುದನ್ನು ಕಿರಣನ ಬಾಯಿಂದ ಕೇಳುವ ಮೊದಲು ನನ್ನ ಕೈಬರಹದಲ್ಲಿ ಓದಿರಿ. ಅವನು ಹೇಳಿದರೆ ಕಥೆಯಾಗುತ್ತದೆ.

ಅಲ್ಲಿ ಕಟ್ಟಡದ ಬಾಗಿಲಲ್ಲೇ ತಪಾಸಣೆ. ಕಮಾನಿನಂಥ ಯಂತ್ರದಡಿ ಹಾದಾಗ ಅದು ಕೂಗಿತು. ಪರದೆಯ ಮರೆಯಲ್ಲಿ ಒಬ್ಬ ಯುವತಿ ಕರಡಿಗೆಯನ್ನು ಹಿಡಿದು ನೋಡಿ, ಇದನ್ನು ತೆಗೆದು ತಟ್ಟೆಯಲ್ಲಿಡು ಎಂದು ಸನ್ನೆ ಮಾಡಿದಳು. ಆಗದು ಎಂದೆ. ಅಲುಗಿಸಿ ನೋಡಿದಳು. ಒಳಗೆ ಕಲ್ಲಿದೆಯೆಂದು ತಿಳಿಯಿತು. ಅವಳ ಮುಖವೇ ಬದಲಾಯಿತು. ಆ ದೇಶದಲ್ಲಿ ಗೋರಿಗಳ ಒಂದು ಹರಳು ಹೊರಗೆ ಹೋಗುವುದೂ ಅಪರಾಧ, ಅದಕ್ಕೆ ಸೆರೆಮನೆಯೂ ಉಂಟಂತೆ. ಅವಳ ಕಣ್ಣಿಗೆ ನಾನು ರಾಜರ ಕಣಿವೆಯಿಂದ ಬಂದ, ಬೆಳ್ಳಿಯ ಮೊಟ್ಟೆಯಲ್ಲಿ ಕಲ್ಲನ್ನು ಬಚ್ಚಿಟ್ಟುಕೊಂಡ ಮುದುಕಿ. ಅವಳ ಅನುಮಾನವನ್ನು ನಾನು ತಪ್ಪೆನ್ನಲಾರೆ. ನಮ್ಮ ದೇವಾಲಯಗಳನ್ನು ಅಷ್ಟು ಎಚ್ಚರದಿಂದ ಯಾರಾದರೂ ಕಾದಿದ್ದರೆ ಎಷ್ಟು ಮೂರ್ತಿಗಳು ಉಳಿಯುತ್ತಿದ್ದವು.

ಮೇಲಧಿಕಾರಿಯನ್ನು ಕರೆಸಿದರು. ಆಕೆಯೂ ಹೆಂಗಸೇ, ತಲೆವಸ್ತ್ರ ಧರಿಸಿದ ಬಿಗಿ ಮುಖದವಳು. ಇದನ್ನು ಇಲ್ಲಿ ಬಿಟ್ಟು ಹೋಗು, ಪರೀಕ್ಷಿಸಿ ಕಳುಹಿಸುತ್ತೇವೆ, ಇಲ್ಲದಿದ್ದರೆ ನೀನೂ ಇಲ್ಲೇ ಉಳಿ ಎಂದಳು. ಕಿರಣ್ ಬೆವರುತ್ತಿದ್ದ. "ಅಜ್ಜಿ, ಎರಡೇ ನಿಮಿಷ ಕೊಟ್ಬುಡಿ. ಫ್ಲೈಟ್ ಹೋಯ್ತದೆ, ಅಜ್ಜಿ" ಎಂದು ಅಂಗಲಾಚಿದ. ಹಿಂದಿನಿಂದ ದೊಡ್ಡರಂಗಪ್ಪನ ದನಿ ಬಂತು: "ಲೇ ಕಿರಣ, ಅವ್ರ್ ಪ್ರಾಣ ತೆಗ್ದು ತಟ್ಟೇಲಿ ಮಡಗು ಅಂದಂಗಾಯ್ತದೆ ಕಣ್ಲಾ. ಫ್ಲೈಟೇ ಹೋಗ್ಲಿ, ಸುಮ್ಕಿರು." ಇಷ್ಟು ಹೇಳಿ ಆತ ತನ್ನ ಕಡಲೆಕಾಯಿ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕುಳಿತೇಬಿಟ್ಟ. ಅವನು ನಮ್ಮ ಮತದವನಲ್ಲ.

ಆಗ ನನ್ನೆದುರು ಎರಡೇ ದಾರಿಗಳಿದ್ದವು. ಲಿಂಗವನ್ನು ಅಂಗದಿಂದ ಅಗಲಿಸುವುದು, ಇಲ್ಲವೇ ಅದನ್ನು ಪರರ ಕಣ್ಣಿಗೆ ತೋರಿಸುವುದು. ಎರಡೂ ನಿಷಿದ್ಧವೆಂದು ನಿಮ್ಮಷ್ಟೇ ನಾನೂ ಬಲ್ಲೆ. ಅಗಲಿಸಿದರೆ ಅವ್ವನ ಪಕ್ಕದ ನೆಲ ಹೋಗುತ್ತದೆ. ತೋರಿಸಿದರೆ ಏನು ಹೋಗುತ್ತದೆಂದು ನೀವು ನಿಬಂಧನೆಯಲ್ಲಿ ಬರೆದಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಲೆಕ್ಕ ಹಾಕಿದೆನೆಂದು ಹೇಳಿದರೆ ಸುಳ್ಳಾದೀತು. ನೆಲದ ನೆನಪೂ ಆಗಲಿಲ್ಲ. ಇದನ್ನು ಬಿಟ್ಟು ಬದುಕಲಾರೆನೆಂಬುದೊಂದೇ ತಿಳಿದಿತ್ತು.

ಅಲ್ಲಿಯೇ ಆ ನುಣುಪಾದ ನೆಲದ ಮೇಲೆ ಕುಳಿತೆ. ಬೆನ್ನು ನೇರ ಮಾಡಿದೆ. ಶಿವದಾರವನ್ನು ಬಿಚ್ಚದೆ ಕರಡಿಗೆಯನ್ನು ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೆ. ಭಸ್ಮ ಧರಿಸಿದೆ. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ದಿನವೂ ನೋಡುವಂತೆ ನೋಡುತ್ತ ಕುಳಿತೆ. ನಾನು ಕಣ್ಣು ಮುಚ್ಚಿದ ಮೇಲೆ ನೀವು ನನ್ನನ್ನು ಹೇಗೆ ಕೂರಿಸಬೇಕೋ ಹಾಗೆಯೇ ಕುಳಿತೆ, ಅಣ್ಣನವರೇ. ಸುತ್ತಲಿನ ಗದ್ದಲ ಇತ್ತೋ ನಿಂತಿತೋ ನನಗೆ ತಿಳಿಯದು.

ಬಾಗಿಲಾಚೆ ನಿಂತಿದ್ದ ನಾದಿಯಾಳನ್ನು ಒಳಗೆ ಕರೆಸಿದ್ದರು. ಅಧಿಕಾರಿಣಿ ನನ್ನೆದುರು ಮೊಣಕಾಲೂರಿ, ಮುಟ್ಟದೆ, ಹತ್ತಿರದಿಂದ ಲಿಂಗವನ್ನು ನೋಡಿದಳು. ಇದು ಯಾವ ಗೋರಿಯಿಂದ ಬಂತೆಂದು ಕೇಳು ಎಂದಳು. ನಾದಿಯಾ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಕಣ್ಣು ಕದಲಿಸದೆ ಉತ್ತರ ಕೊಟ್ಟೆ:

"ಇದು ಗೋರಿಯಿಂದ ಬಂದದ್ದಲ್ಲ, ಗೋರಿಗೆ ಹೋಗತಕ್ಕದ್ದು."

ನಾದಿಯಾ ಅದನ್ನು ಅರಬ್ಬಿಯಲ್ಲಿ ಹೇಳಿ, ಬಳಿಕ ತಾನಾಗಿ ಇನ್ನೂ ಏನನ್ನೋ ಸೇರಿಸಿದಳು. ಅವಳು ತನ್ನ ಎದೆಯನ್ನು ಮುಟ್ಟಿ ತೋರಿಸಿದ್ದರಿಂದ, ಹೃದಯವನ್ನು ಎದೆಯಲ್ಲೇ ಬಿಡುತ್ತಿದ್ದ ಸಂಗತಿಯಿರಬೇಕೆಂದು ಊಹಿಸಿದೆ. ಅಧಿಕಾರಿಣಿ ಲಿಂಗವನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಎದ್ದು ನಿಂತು ನನ್ನತ್ತ ಕೈ ಚಾಚಿದಳು. ಕಸಿದುಕೊಳ್ಳಲು ಬಂದಳೆಂದು ಅಂಗೈಯನ್ನು ಎದೆಗೊತ್ತಿಕೊಂಡೆ. ಆಕೆ ಚಾಚಿದ್ದು ನನ್ನನ್ನು ಎಬ್ಬಿಸಲಿಕ್ಕೆ. ಮಂಡಿ ಹಿಡಿದುಹೋಗಿತ್ತು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಆಕೆಯ ಕೈ, ಹಾಗೆ ಎದ್ದೆ.

ವಿಮಾನ ತಪ್ಪಲಿಲ್ಲ. ದೊಡ್ಡರಂಗಪ್ಪ 'ಚೀಲ ಹಗುರಾಯ್ತು' ಎನ್ನುತ್ತ ಬಂದ. ಉಳಿದ ಕಡಲೆಕಾಯಿಯನ್ನೆಲ್ಲ ಕಾವಲಿನವರಿಗೆ ಹಂಚಿದ್ದ.

ತೋರಿಸಿದೆ. ಅನ್ಯಮತದವಳಿಗೆ, ಹಾಡುಹಗಲಿನಲ್ಲಿ, ನೂರಾರು ಜನರ ನಡುವೆ ತೋರಿಸಿದೆ. ಪ್ರಾಯಶ್ಚಿತ್ತ ಕೇಳುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಅಗಲಿಸಲಿಲ್ಲ. ಈಗ ತೀರ್ಪು ನಿಮ್ಮದು.

ನಿಮ್ಮ ತಂಗಿ,
ದಾಕ್ಷಾಯಣಿ


ಮಧುಗಿರಿ
೨೦ ಜನವರಿ ೨೦೨೫

ಅಣ್ಣನವರಿಗೆ ಶರಣು.

ಸಂಕ್ರಾಂತಿ ಕಳೆಯಿತು. ಕೊರಟಗೆರೆಯಿಂದ ಎಳ್ಳು ಬಾರದ ಸಂಕ್ರಾಂತಿ ನನ್ನ ಬಾಳಿನಲ್ಲಿ ಇದೇ ಮೊದಲು. ಬಾಗಿಲಿಗೆ ಬಂದ ಮಕ್ಕಳಿಗೆ ಅಂಗಡಿಯಿಂದ ತಂದ ಎಳ್ಳುಬೆಲ್ಲ ಹಂಚಿದೆ. ಅದೂ ಸಿಹಿಯಾಗಿಯೇ ಇತ್ತು.

ಮೌನವೇ ತೀರ್ಪಾದರೆ ಅದನ್ನು ನಾನು ಒಪ್ಪುವುದಿಲ್ಲ. ನಿಬಂಧನೆಯನ್ನು ಬರೆದು ಕೊಟ್ಟವರು ತೀರ್ಪನ್ನೂ ಬರೆದೇ ಕೊಡಬೇಕು.

ದಾಕ್ಷಾಯಣಿ


ಕೊರಟಗೆರೆ
೨೦ ಫೆಬ್ರವರಿ ೨೦೨೫

ಚಿ॥ ದಾಕ್ಷಾಯಣಿಗೆ,

ಶಿವನು ನಿನ್ನನ್ನು ಕಾಯುತ್ತಲೇ ಇದ್ದಾನೆಂದು ತಿಳಿಯಿತು.

ಡಿಸೆಂಬರಿನ ನಿನ್ನ ಪತ್ರವನ್ನು ಓದಿದ ರಾತ್ರಿಯಿಂದ ನನಗೆ ಕಾಣುತ್ತಿದ್ದುದು ಒಂದೇ ಚಿತ್ರ. ನೆಲದ ಮೇಲೆ ನೀನಲ್ಲ, ಕಾಡುದಾರಿಯ ಬದಿಯಲ್ಲಿ ಅಪ್ಪ ಕುಳಿತಿದ್ದಾರೆ. ಬೆನ್ನು ನೇರವಾಗಿದೆ. ಅಂಗೈ ಮಾತ್ರ ನನಗೆ ಕಾಣಿಸದು.

ಅಪ್ಪನೊಡನೆ ಹೋದವರಲ್ಲಿ ಇಂದು ಉಳಿದಿರುವವರು ಪಾವಗಡದ ಕುಮಾರಸ್ವಾಮಿಗಳೊಬ್ಬರೇ. ಕಳೆದ ವಾರ ಬಸ್ಸು ಹಿಡಿದು ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಹಿಂದಿರುಗಿಬಿಡೋಣವೆನಿಸುತ್ತಿತ್ತು. ಹಾಸಿಗೆ ಹಿಡಿದಿದ್ದಾರೆ, ಬುದ್ಧಿ ಸ್ಪಷ್ಟವಾಗಿದೆ. ನಾನು ಯಾರೆಂದು ಹೇಳಿದೆ. ಕೇಳಬೇಕಾದುದನ್ನು ಕೇಳುವ ಮೊದಲೇ ಕಣ್ಣು ತುಂಬಿತು. ಅವರೇ ಅರಿತುಕೊಂಡರು. "ಎಡಗೈಯಾಗೇ ಇತ್ತು ನಾಯನಾ. ಬೆರಳು ಮಡ್ಚಿದ್ದು ನಾನೇ. ಬಿಲ್ವ ಸಿಗ್ಲಿಲ್ಲ, ಕಾಡ್ನಾಗೆ ತುಂಬೆ ಹೂವ ಇಟ್ವಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇಷ್ಟ್ ವರ್ಷ ಯಾಕ್ ಕೇಳ್ಲಿಲ್ಲ ನೀನು? ಒಂದ್ ಮಾತಲ್ವಾ?" ಎಂದರು. ಅವರಿಗೆ ಹೇಳದ ಕಾರಣವನ್ನು ನಿನಗೆ ಬರೆಯುತ್ತೇನೆ. ಅಂಗೈಯಲ್ಲಿ ಲಿಂಗ ಇತ್ತೆಂದು ಕೇಳಿಸಿಕೊಳ್ಳುವ ಆಸೆಗಿಂತ ಇರಲಿಲ್ಲವೆಂದು ಕೇಳಿಸಿಕೊಳ್ಳುವ ಅಂಜಿಕೆ ದೊಡ್ಡದಾಗಿತ್ತು. ನಿನಗೆ ಹಾಕಿದ ನಿಬಂಧನೆಯನ್ನು ಹೆತ್ತದ್ದೂ ಅದೇ ಅಂಜಿಕೆ. ನೀನೂ ದೂರ ದೇಶದ ದಾರಿಯಲ್ಲಿ ಉಳಿದುಬಿಟ್ಟರೆ, ಇನ್ನೊಂದು ಬರಿದಾದ ಗದ್ದುಗೆಗೆ ದೀಪ ಹಚ್ಚುವ ಶಕ್ತಿ ನನಗಿರಲಿಲ್ಲ.

ತೀರ್ಪು ಕೇಳಿದ್ದೀಯೆ. ಲಿಂಗವನ್ನು ಪರರಿಗೆ ತೋರಿಸಿದ್ದು ತಪ್ಪೆಂಬುದೇ ಇಂದಿಗೂ ನನ್ನ ಮತ. ಆದರೆ ನಾನು ಬರೆದ ನಿಬಂಧನೆ ಅಗಲಿಕೆಯದು, ಮತ್ತು ನೀನು ಅಗಲಿಸಲಿಲ್ಲ. ನೆಲ ನಿನ್ನದು.

ಆದರೆ ಒಂದು ತೊಡಕಾಗಿದೆ. ನಿನಗೆ ನೆಲವನ್ನು ಬಿಡಿಸಿಕೊಡೋಣವೆಂದು ಸಸಿಯ ಬಳಿ ಹೋದೆ. ಬೇರೂರಿ ಹೊಸ ಚಿಗುರು ಬಿಟ್ಟಿದೆ. ಬಿಲ್ವವನ್ನು ಕೀಳುವುದು ನಮ್ಮಲ್ಲಿ ಮಹಾಪಾಪ. ಕಿತ್ತು ಬೇರೆ ಕಡೆ ನೆಟ್ಟರೆ ಬದುಕುವುದೆಂಬ ಭರವಸೆಯಿಲ್ಲ. ಚಿಕ್ಕನರಸಯ್ಯ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನಾನಂದಿರ್ಲಿಲ್ವಾ ಬುದ್ದಿ?" ಎಂದ. ದಿನವೂ ಬಿಲ್ವಾರ್ಚನೆ ಮಾಡುವ ನಾನು ಕೋಪದಿಂದ ನೆಟ್ಟದ್ದನ್ನು ಈಗ ಭಕ್ತಿಯಿಂದ ಕೀಳಲಾರದೆ ನಿಂತಿದ್ದೇನೆ. ಏನು ಮಾಡಬೇಕೆಂದು ನೀನೇ ಹೇಳು.

ಎಳ್ಳನ್ನು ಈ ಪತ್ರದೊಡನೆ ಕಳುಹಿಸಿದ್ದೇನೆ. ಕಾಲ ಮೀರಿದೆ. ತಿನ್ನು.

ನಿನ್ನ ಅಣ್ಣ,
ನಂದೀಶ್ವರಯ್ಯ


ಮಧುಗಿರಿ
೨೪ ಫೆಬ್ರವರಿ ೨೦೨೫

ಪೂಜ್ಯ ಅಣ್ಣನವರ ಪಾದಗಳಿಗೆ ಶರಣು.

ತುಂಬೆ ಹೂವೆಂದು ಓದಿದಲ್ಲಿ ಪತ್ರವನ್ನು ಮಡಿಚಿಟ್ಟೆ. ಅಷ್ಟು ಸಾಕು. ಆ ಕುರಿತು ಎದುರೆದುರು ಕುಳಿತೇ ಮಾತನಾಡೋಣ.

ಬಿಲ್ವವನ್ನು ಮುಟ್ಟಬೇಡಿ. ನನ್ನನ್ನು ಹೊರಗಿಡಲು ನೆಟ್ಟ ಗಿಡವೆಂದು ಅದಕ್ಕೆ ತಿಳಿಯದು. ಮರವಾಗಲಿ. ಹೊತ್ತು ಬಂದಾಗ ಅದರ ಬುಡದಿಂದ ಒಂದು ಮಾರು ಈಚೆಗೆ ನನ್ನ ಗೂಡನ್ನು ತೋಡಿಸಿರಿ. ಅವ್ವನಿಗೂ ನನಗೂ ನಡುವೆ ಅದರ ಬೇರು ಇರಲಿ. ಎಲೆ ಉದುರಿದಾಗಲೆಲ್ಲ ನನ್ನ ತಲೆಯ ಮೇಲೇ ಉದುರುತ್ತದೆ, ದಿನವೂ ಬಂದು ಪತ್ರೆ ಏರಿಸುವ ಶ್ರಮ ಮನೆಯವರಿಗೆ ತಪ್ಪುತ್ತದೆ. ನನ್ನನ್ನು ಶಿಕ್ಷಿಸಹೋಗಿ ನಿತ್ಯಪೂಜೆಯನ್ನು ನನ್ನ ಸಮಾಧಿಗೆ ಗಂಟುಹಾಕಿದಿರಿ. ಇದು ನನಗೆ ಬಹಳ ಒಪ್ಪಿಗೆಯಾಗಿದೆ.

ಅವಸರ ಮಾತ್ರ ಬೇಡ. ಕಾಂಬೋಡಿಯದ ಕಾಡಿನಲ್ಲಿ ಶಿವಾಲಯಗಳಿವೆಯಂತೆ, ಮರದ ಬೇರುಗಳೇ ಗೋಡೆಗಳನ್ನು ಹಿಡಿದು ನಿಲ್ಲಿಸಿವೆಯಂತೆ. ಕಿರಣ್ ಮುಂದಿನ ಕಾರ್ತಿಕಕ್ಕೆ ಗುಂಪು ಕಟ್ಟುತ್ತಿದ್ದಾನೆ. ನನ್ನ ಹೆಸರು ಕೊಟ್ಟಿದ್ದೇನೆ. ದೊಡ್ಡರಂಗಪ್ಪನೂ ಬರುತ್ತಾನೆ. ಇನ್ನೊಂದು ಸೀಟಿದೆ.

ಎಳ್ಳು ತಿಂದೆ. ನಾಳಿದ್ದು ಶಿವರಾತ್ರಿ. ಬೆಳಗಿನ ಮೊದಲ ಬಸ್ಸಿಗೆ ಕೊರಟಗೆರೆಗೆ ಬರುತ್ತೇನೆ. ನೈಲ್ ನದಿಯ ನೀರು ಬಾಟಲಿಯಲ್ಲಿ ಇನ್ನೂ ಒಂದಿಷ್ಟು ಉಳಿದಿದೆ. ಅದನ್ನು ಸಸಿಯ ಬುಡಕ್ಕೆ ಹಾಕುತ್ತೇನೆ. ಪರದೇಶದ ನೀರು ಗದ್ದುಗೆಯ ನೆಲಕ್ಕೆ ಬೀಳಬಾರದೆಂದು ನಿಮಗೆ ತೋರಿದರೆ ಈಗಲೇ ಕುಳಿತು ಬರೆಯಿರಿ. ಪತ್ರ ಮಧುಗಿರಿಗೆ ತಲುಪುವ ಮೊದಲೇ ನಾನು ಅಲ್ಲಿರುತ್ತೇನೆ.

ನಿಮ್ಮ ತಂಗಿ,
ದಾಕ್ಷಾಯಣಿ